ಸೊಸೆಯ ಜೊತೆ ನಡೆಯುವವರು ಯಾರು?

ಬಾಣಂತಿಯ ಹೊಟ್ಟೆಗೆ ಬಿಗಿಯಾಗಿ ಸುತ್ತುವ ಹಳೇ ಸೀರೆಯ ಪಟ್ಟಿಗೆ ನಮ್ಮ ಹಾವೇರಿ ಕಡೆ ಒಂದು ಹೆಸರಿತ್ತು. ನಡು... ನಡುವಿನ... ಇಲ್ಲ, ಹೋಯಿತು. ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದು ನಲವತ್ತು ವರ್ಷ. ಪದಗಳು ಒಂದೊಂದೇ ಊರಿಗೆ ವಾಪಸ್ಸು ಹೋಗುತ್ತಿವೆ, ಹೊಟ್ಟೆಕಿಚ್ಚು ಮಾತ್ರ ನನ್ನ ಜೊತೆಗೇ ಉಳಿದಿದೆ. ಹಾಗಾಗಿ ನಮ್ಮ ಮನೆಯಲ್ಲಿ ಯಾರಾದರೂ ಬಸುರಿಯಾದರೆ ಇಂಥವು ನಡೆಯುತ್ತಲೇ ಇರುತ್ತವೆ.

ಸೊಸೆ ವಿಜಯವಾಡದ ಗವರ್ನರ್‌ಪೇಟೆಯವಳು. ಚೊಚ್ಚಲ ಬಾಣಂತನ ಪದ್ಧತಿಯಂತೆ ತವರಿನಲ್ಲಾಯಿತು. ಮೂರು ತಿಂಗಳು ನಾನು ಮೊಮ್ಮಗಳನ್ನು ಫೋನಿನಲ್ಲೇ ನೋಡಿದೆ. ಎರಡನೆಯದು ನಮ್ಮ ಮನೆಯಲ್ಲಿ, ನನ್ನ ಕೈಯಲ್ಲಿ ಎಂದು ಎಂಟು ವರ್ಷ ಕಾದಿದ್ದೆ.

೧. ಸೀಟಿ

ಐದನೇ ತಿಂಗಳಲ್ಲಿ ಡಾಕ್ಟರಮ್ಮ ಹಗುರವಾದ ವ್ಯಾಯಾಮ ಮಾಡಬಹುದು ಎಂದರು. ಸೊಸೆ ಋಷಿಕೊಂಡದ ಹತ್ತಿರ ಗರ್ಭಿಣಿಯರ ತರಗತಿಗೆ ಸೇರಿದಳು. ಅಂಗಾತ ಮಲಗಬೇಡ, ಎಡಕ್ಕೆ ಹೊರಳು ಎಂದು ನಾನು ದಿನಾ ಹೇಳುತ್ತಿದ್ದೆ. ಸರೇ ಅತ್ತಯ್ಯ ಎನ್ನುತ್ತಲೇ ಅಂಗಾತ ಮಲಗುತ್ತಿದ್ದಳು. ತರಗತಿಯ ಟೀಚರಮ್ಮ, ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡ, ಇನ್ನೂ ಮದುವೆಯಾಗದ ಹುಡುಗಿ, ಒಂದು ದಿನ ಅದನ್ನೇ ಹೇಳಿದಳು. ಸೊಸೆ ಮನೆಗೆ ಬಂದು ನನಗೇ ಪಾಠ ಒಪ್ಪಿಸಿದಳು: "ಅಂಗಾತ ಮಲಗಬಾರದಂತೆ, ಅತ್ತಯ್ಯ."

ನನ್ನ ಕುತ್ತಿಗೆಯಲ್ಲಿ ಸೀಟಿ ಇರಲಿಲ್ಲ, ಅಷ್ಟೇ.

೨. ಭಾರ

ಏಳನೇ ತಿಂಗಳಿಗೆ ಬೀಗಿತ್ತಿ ವಿಜಯವಾಡದಿಂದ ಬಂದಿಳಿದರು. ನಾಲ್ಕು ದಿನ ಇದ್ದು ಹೋಗುತ್ತೇನೆ ಎಂದವರ ಹಿಂದೆ ನಾಲ್ಕು ಸೂಟ್‌ಕೇಸ್ ಇಳಿದವು.

ತರಗತಿಯಲ್ಲಿ ಗರ್ಭಿಣಿಯ ಪಕ್ಕ ಒಬ್ಬರು ಕೂರಬಹುದು. ನಾವಿಬ್ಬರೂ ಹೋದೆವು. ಬೀಗಿತ್ತಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಶಾಲೆ ಹುಡುಗಿಯಂತೆ ಕೂತರು. ನನ್ನ ಮಂಡಿಗಳು ನೆಲ ಕಂಡು ಹದಿನೈದು ವರ್ಷವಾಗಿತ್ತು. ಬಿಟ್ಟುಕೊಡಲು ಮನಸ್ಸಾಗಲಿಲ್ಲ, ನಾನೂ ಕೂತೆ. ಆಮೇಲೆ ಏಳಲಾಗಲಿಲ್ಲ. ಪಾಪ, ಸೊಸೆಯೇ ಕೈ ನೀಡಿದಳು. ಟೀಚರಮ್ಮ ಓಡಿ ಬಂದು ಅವಳ ಕೈ ಬಿಡಿಸಿದಳು. "ಮೇಡಂ, ಈ ಸ್ಥಿತಿಯಲ್ಲಿ ಭಾರ ಎತ್ತಬಾರದು."

ಆ ದಿನ ಬೀಗಿತ್ತಿಗೆ ಹತ್ತಿದ ಕೆಮ್ಮು ಮನೆ ಮುಟ್ಟುವವರೆಗೂ ನಿಲ್ಲಲಿಲ್ಲ.

೩. ಸಂದು

ನಡೆಯುವಾಗ ಮಾತಾಡಲು ಆಗುತ್ತಿರಬೇಕು, ಆಗದಿದ್ದರೆ ನಿಧಾನ ಮಾಡಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಸಂಜೆ ಬೀಚ್ ರಸ್ತೆಯಲ್ಲಿ ಸೊಸೆಯ ಎಡಕ್ಕೆ ನಾನು, ಬಲಕ್ಕೆ ಬೀಗಿತ್ತಿ. ಅವರು ಮಗಳ ಚೊಚ್ಚಲ ಹೆರಿಗೆಯ ಕಥೆ ತೆಗೆದರೆ ನಾನು ನನ್ನ ಮೂರೂ ಹೆರಿಗೆಗಳನ್ನು ತೆಗೆಯುತ್ತಿದ್ದೆ.

ಮುಂದಿನ ತಪಾಸಣೆಯಲ್ಲಿ ಡಾಕ್ಟರಮ್ಮ, ನಡೆಯುವಾಗ ಮಾತಾಡಲು ಆಗುತ್ತದೆಯೇ ಎಂದು ಕೇಳಿದರು. ಇಲ್ಲ ಎಂದಳು ಸೊಸೆ. ಅವರು ಗಾಬರಿಯಾಗಿ ಬಿ.ಪಿ. ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು.

"ಉಸಿರೇನೋ ಚೆನ್ನಾಗಿದೆ ಡಾಕ್ಟರ್. ಇವರಿಬ್ಬರ ನಡುವೆ ಮಾತಾಡಲು ಸಂದು ಸಿಗುವುದಿಲ್ಲ."

ಡಾಕ್ಟರಮ್ಮ ಚೀಟಿಯಲ್ಲಿ ಕಬ್ಬಿಣದ ಮಾತ್ರೆಯ ಕೆಳಗೆ ಬರೆದರು: ನಡಿಗೆ, ದಿನಕ್ಕೊಮ್ಮೆ. ಅಜ್ಜಿ, ಒಮ್ಮೆಗೆ ಒಬ್ಬರು.

೪. ಸರದಿ

ಹೆರಿಗೆ ಸುಸೂತ್ರವಾಯಿತು, ಗಂಡುಮಗು. ಹೊಟ್ಟೆಯ ವ್ಯಾಯಾಮಕ್ಕೆ ಅವಸರ ಬೇಡ, ನಾನು ನೋಡಿ ಹೇಳುತ್ತೇನೆ, ಸದ್ಯಕ್ಕೆ ಮನೆಯ ಸುತ್ತ ಹತ್ತು ನಿಮಿಷ ಮೆಲ್ಲಗೆ ನಡಿ, ಒಬ್ಬಳೇ ಹೋಗಬೇಡ ಎಂದರು ಡಾಕ್ಟರಮ್ಮ.

ಮೊದಲ ದಿನ ಸೊಸೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು. ಮಗು ಬೀಗಿತ್ತಿಯ ತೊಡೆಯ ಮೇಲಿತ್ತು. ಜೊತೆಗೆ ಹೋದವರಿಗೆ ಮಗು ತಪ್ಪುತ್ತದೆ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

"ನೀವು ಹೋಗಿ ಬನ್ನಿ ವದಿನಗಾರು, ನಿಮಗೆ ನಡೆಯೋದಂದ್ರೆ ಇಷ್ಟ" ಎಂದರು ಅವರು.

"ಹೆತ್ತ ತಾಯಿ ಇರುವಾಗ ನಾನು ಮುಂದೆ ಹೋದರೆ ಚೆನ್ನಾಗಿರುತ್ತದೆಯೇ?" ಎಂದೆ.

ಅವರಿಗೆ ಸೊಂಟ ಹಿಡಿಯಿತು. ನನಗೆ ತಲೆ ಸುತ್ತಿತು. ಹತ್ತು ನಿಮಿಷ ಇಲ್ಲೇ ಮುಗಿಯಿತು ಎಂದು ಸೊಸೆ ಚಪ್ಪಲಿ ಬಿಟ್ಟಳು.

ಹಿರಿಯ ಮೊಮ್ಮಗಳು ನೋಟ್‌ಬುಕ್ ತಂದು, ಅಮ್ಮನ ಜೊತೆ ನಡೆಯಲು ಸರದಿ ಹಾಕೋಣ, ಇನ್ನು ಜಗಳ ಬೇಡ ಎಂದಳು. ನಾನು ಸಂತೋಷವಾಗಿ ಒಪ್ಪಿದೆ.

"ಬರೆದುಕೋ ಪುಟ್ಟೀ, ತೆಲುಗಿನಲ್ಲೇ ಬರಿ, ನಿನ್ನ ಅಮ್ಮಮ್ಮನಿಗೆ ಓದಲು ಸುಲಭ. ಸೋಮವಾರ ಅಮ್ಮಮ್ಮ, ಮಂಗಳವಾರ ಅಮ್ಮಮ್ಮ, ಬುಧವಾರ ಅಮ್ಮಮ್ಮ..."

"ನಿನ್ನ ಹೆಸರು ಯಾವಾಗ ಅಜ್ಜಿ?"

"ನನ್ನದೂ ಬರಿ. ಮಗು ನಡೆಯಲು ಕಲಿತ ದಿನದಿಂದ."