ನಡುಮನೆಯ ರಿಪೀಟರ್

ಪೈಪಣ್ಣನಿಗೆ ಉಪಾಯಗಳು ಹೊಳೆಯುವುದು ಭಾನುವಾರ. ಅವುಗಳ ಫಲವನ್ನು ಮನೆಯವರು ಉಣ್ಣುವುದು ಉಳಿದ ಆರು ದಿನ. ಊರಿನ ಅರ್ಧ ನಲ್ಲಿಗಳನ್ನು ರಿಪೇರಿ ಮಾಡಿದ ಕೈ ಅವನದು, ಹೆಸರು ಬಂದದ್ದೂ ಅದರಿಂದಲೇ. ಈ ಭಾನುವಾರದ ಉಪಾಯ ಮಾತ್ರ ಹೆಂಡತಿಯ ಉದ್ಧಾರಕ್ಕೆಂದೇ ಹುಟ್ಟಿತ್ತು.

ಹೆಂಡತಿ ಹೊಲಿಗೆಯವಳು. ಅಂದು ಸಂಜೆ ನಾಲ್ಕಕ್ಕೆ ಅವಳ ಮೊಟ್ಟಮೊದಲ ಆನ್‌ಲೈನ್ ಹೊಲಿಗೆ ಪಾಠ. ಹನ್ನೆರಡು ಜನ ಸೇರಿದ್ದರು, ಮೊದಲ ದಿನವೇ ಪಾಠ ಕೈಕೊಟ್ಟರೆ ಹನ್ನೆರಡೂ ಜನ ಹಾರಿಹೋಗುವವರೇ. ವೈಫೈ ಡಬ್ಬಿ ಇದ್ದದ್ದು ಮುಂದಿನ ಹಾಲಿನಲ್ಲಿ. ಹೊಲಿಗೆ ಯಂತ್ರವನ್ನು ಬೋಲ್ಟ್ ಹಾಕಿ ಕೂರಿಸಿದ್ದು ರೈಲಿನಷ್ಟು ಉದ್ದದ ಆ ಮನೆಯ ಕಟ್ಟಕಡೆಯ ಕೋಣೆಯಲ್ಲಿ. ಸಿಗ್ನಲ್ಲು ನಡುವಿನ ಪ್ಯಾಸೇಜಿನ ತನಕ ಬಂದು, ಏದುಸಿರು ಬಿಟ್ಟು, ಅಲ್ಲೇ ಕೂತುಬಿಡುತ್ತಿತ್ತು.

ತಿಳಿದವರನ್ನು ಕರೆಸೋಣ ಎಂದಳು ಹೆಂಡತಿ. ಪೈಪಣ್ಣನ ಸ್ವಾಭಿಮಾನ ಭುಗಿಲೆದ್ದಿತು.

"ನಾಲ್ಕನೇ ಮಹಡಿಗೆ ನೀರು ಹತ್ತಿಸಿದೋನು ನಾನು. ಹಿಂದಿನ ರೂಮಿಗೆ ಸಿಗ್ನಲ್ ಹರಿಸೋದು ನನಗೆ ಯಾವ ಲೆಕ್ಕ?"

ಅಂಗಡಿಗೆ ಓಡಿ ಒಂದು ರಿಪೀಟರ್ ತಂದ. ಸಿಗ್ನಲನ್ನು ಹಿಡಿದು ಮುಂದಕ್ಕೆ ದಾಟಿಸುವ ಪುಟ್ಟ ಡಬ್ಬಿ ಅದು. ನೀರು ಬೇಕಾದ ಕಡೆಯೇ ನಲ್ಲಿ ಹಾಕಬೇಕೆಂಬ ತನ್ನ ಕಸುಬಿನ ಪರಮಸತ್ಯದಂತೆ ಹೊಲಿಗೆ ಯಂತ್ರದ ಪಕ್ಕದಲ್ಲೇ ಸಿಕ್ಕಿಸಿದ. ಕೆಂಪು ದೀಪ. ಪ್ರೆಷರ್ ಸಾಲದೆಂದು ತೀರ್ಮಾನಿಸಿ, ಮತ್ತೆ ಓಡಿ ಇನ್ನೊಂದನ್ನು ತಂದು ಪಕ್ಕದಲ್ಲೇ ಪ್ರತಿಷ್ಠಾಪಿಸಿದ. ಈಗ ಎರಡು ಕೆಂಪು ದೀಪ. (ಸೊನ್ನೆಗೆ ಸೊನ್ನೆ ಕೂಡಿಸಿದರೆ ಎಷ್ಟೆಂದು ಅವನನ್ನು ಕೇಳುವ ಧೈರ್ಯ ಯಾರಿಗಿತ್ತು?) ಗಂಟೆ ಮೂರೂವರೆ.

ಹಾಲಿನಲ್ಲಿ ಕೂತಿದ್ದ ತಾಯಿಗೆ ಕಿವಿ ಮಂದ. ಬಂತೇನೋ ಎಂದು ಅವರು ಕೇಳಿದರು. ಬರ್ತಾ ಇದೆ ಎಂದು ಇವನು ಹಿಂದಿನಿಂದ ಕೂಗಿದ. ಹೆಂಡತಿ ಎಂದಿನಂತೆ ಪ್ಯಾಸೇಜಿನಲ್ಲಿ ನಿಂತು, ಅದನ್ನೇ ಇನ್ನಷ್ಟು ಗಟ್ಟಿಯಾಗಿ ಅತ್ತೆಗೆ ದಾಟಿಸಿದಳು. ದಾಟಿಸಿದವಳು ಗಕ್ಕನೆ ನಿಂತಳು.

"ರೀ, ನಿಮ್ಮ ಮಾತನ್ನ ಅತ್ತೆಗೆ ನಾನು ಎಲ್ಲಿ ನಿಂತು ಹೇಳ್ತೀನಿ? ನನಗೆ ಕೇಳಿಸೋ ಜಾಗದಲ್ಲಿ ತಾನೆ? ಅತ್ತೆ ಮಗ್ಗುಲಲ್ಲೇ ಕೂತ್ರೆ ನನಗೂ ಕೇಳಿಸಲ್ಲ, ಅವರಿಗೂ ಕೇಳಿಸಲ್ಲ. ಡಬ್ಬಿ ಇಲ್ಲಿಗೆ ತನ್ನಿ."

ತನಗೂ ಅದೇ ಹೊಳೆಯುತ್ತಿತ್ತು ಎನ್ನುತ್ತ ತಂದ. ಪ್ಯಾಸೇಜಿಗಿದ್ದದ್ದು ಒಂದೇ ಸಾಕೆಟ್ಟು. ಸಿಕ್ಕಿಸಿದ ಕೂಡಲೇ ಹಸಿರು ದೀಪ! ಹಿಂದಿನ ಕೋಣೆಗೆ ಓಡಿದ ಹೆಂಡತಿಯಿಂದ ಬಂತು ಬಂತು ಎಂಬ ಕೂಗು. ಪೈಪಣ್ಣನಿಗೆ ಆಕಾಶಕ್ಕೆ ಮೂರೇ ಗೇಣು. ಚಪ್ಪಾಳೆ ತಟ್ಟಲೆಂದು ಕೈ ತೆಗೆದ. ಪ್ಲಗ್ಗು ಮೆಲ್ಲಗೆ ಜಾರಿತು, ದೀಪ ಆರಿತು.

ಹೋದ ವರ್ಷ ಎಲೆಕ್ಟ್ರಿಷಿಯನ್ ಯಾಕೆ ದಂಡಕ್ಕೆ ಎಂದು ಆ ಸಾಕೆಟ್ಟನ್ನು ಸ್ವಹಸ್ತದಿಂದ ಕೂರಿಸಿದವನು ಪೈಪಣ್ಣನೇ. ಎಕ್ಸ್‌ಟೆನ್ಶನ್ ವೈರ್ ಇತ್ತು. ಅದನ್ನೂ ಅವನೇ ರಿಪೇರಿ ಮಾಡಿದ್ದ, ಅಂದಿನಿಂದ ಅದು ಉಸಿರೆತ್ತಿರಲಿಲ್ಲ. ಎಲೆಕ್ಟ್ರಿಷಿಯನ್‌ಗೆ ಫೋನು ಮಾಡಿದರೆ ಬುಧವಾರ ಬರುತ್ತೇನೆಂದ. ಗಂಟೆ ನಾಲ್ಕಕ್ಕೆ ಎರಡು ನಿಮಿಷ. ಹೆಂಡತಿ ಗಂಡನ ಹೆಬ್ಬೆರಳನ್ನೇ ನೋಡಿದಳು.

ಡಬ್ಬಿಯನ್ನು ಹೆಬ್ಬೆರಳಿನಿಂದ ಸಾಕೆಟ್ಟಿಗೊತ್ತಿ ನಿಂತ ಪೈಪಣ್ಣ ಒಂದು ಗಂಟೆ ಅಲುಗಾಡಲಿಲ್ಲ. ಸೀನು ಬಂದರೂ ನುಂಗಿಕೊಂಡ. ಕಾಲರ್ ಹೊಲಿಯುವ ಪಾಠ ತೊಟ್ಟು ತಪ್ಪದೆ ಹರಿಯಿತು, ಹೆಂಡತಿಯ ಧ್ವನಿಯಲ್ಲಿ ಉತ್ಸಾಹ ಏರುತ್ತಲೇ ಹೋಯಿತು. ಕೇಳುತ್ತ ಅವನಿಗೂ ಹೆಮ್ಮೆಯಾಯಿತು, ಹೆಬ್ಬೆರಳಿಗಷ್ಟೇ ಆಗಲಿಲ್ಲ.

ಐದಾಗುತ್ತಿದ್ದಂತೆ ಪಾಠ ಏನಾಯ್ತು ಕೇಳೋ ಎಂದರು ತಾಯಿ. ಅವನು ಹಿಂದಕ್ಕೆ ಕೂಗಿ ಕೇಳಿದ.

"ಹನ್ನೆರಡೂ ಜನ ಉಳ್ಕೊಂಡ್ರು. ಐದಕ್ಕೆ ಇನ್ನೊಂದು ಬ್ಯಾಚ್ ಸೇರ್ತಿದೆ. ದಿನಾ ಎರಡು ಪಾಠ. ಕೈ ತೆಗೀಬೇಡಿ!"

ಪೈಪಣ್ಣ ಕತ್ತು ಮಾತ್ರ ತಿರುಗಿಸಿ ಅಷ್ಟನ್ನೂ ತಾಯಿಗೆ ದಾಟಿಸಿದ.

"ಏನಂದೆ?" ಎಂದರು ತಾಯಿ.

ಇನ್ನಷ್ಟು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದ.