ಶುಕ್ರವಾರದ ಕೆಸರು

ತಾನು ಮಾಡುವ ಕೆಲಸವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಧೈರ್ಯ ಮನುಷ್ಯನಿಗೆ ಇರಬೇಕು ಎಂಬುದು ನನ್ನ ಸಿದ್ಧಾಂತ. ಊಟದ ಪಂಕ್ತಿಯಲ್ಲಿ ಕುಳಿತಾಗ ಮಾತ್ರ ಈ ಸಿದ್ಧಾಂತಕ್ಕೆ ರಜೆ ಕೊಡುವುದು ಒಳ್ಳೆಯದು. ಒಮ್ಮೆ ವರ್ತಕ ನಗರದಲ್ಲಿ ನಮ್ಮ ಕಡೆಯವರದೊಂದು ಮದುವೆ. ನನ್ನ ಎಡಗಡೆಯವರು ಬ್ಯಾಂಕು, ಬಲಗಡೆಯವರಿಗೆ ಕೋಪರಿಯಲ್ಲಿ ಹೋಟೆಲು. "ನಿಮ್ಮದೆಂಥದು ಮಾರಾಯ್ರೆ?" ಎಂದು ಹೋಟೆಲಿನವರು ಕೇಳಿದರು. ಎಲೆಗೆ ಆಗ ತಾನೇ ಪಾಯಸ ಬಿದ್ದಿತ್ತು. ನಾನು ಸತ್ಯವನ್ನೇ ನುಡಿದೆ. ಡೊಂಬಿವಲಿಯ ಕಾರ್ಖಾನೆಗಳ ಕೊಳಚೆ ನೀರನ್ನು ಶುದ್ಧ ಮಾಡಿದ ಮೇಲೆ ತಳದಲ್ಲಿ ಕೆಸರು ಉಳಿಯುತ್ತದಲ್ಲ, ಆ ಕೆಸರಿನಿಂದ ಎಷ್ಟು ನೀರು ಹಿಂಡಲು ಬರುತ್ತದೆ ಎಂದು ಲ್ಯಾಬಿನಲ್ಲಿ ಪರೀಕ್ಷಿಸುವುದು ನನ್ನ ವೃತ್ತಿ ಎಂದೆ. ಅವರು ಪಾಯಸವನ್ನು ಮುಟ್ಟದೆ ನೇರ ಮಜ್ಜಿಗೆಗೆ ಹೋದರು.

ಹಾಗೆಂದು ಈ ವಿದ್ಯೆಯನ್ನು ಹಗುರವಾಗಿ ಎಣಿಸಬಾರದು. ಕೆಸರಿಗೆ ನೀರಿನ ಮೇಲೆ ಇರುವ ವ್ಯಾಮೋಹ ಗಂಡಸರಿಗೆ ಹಳೆಯ ಅಂಗಿಯ ಮೇಲೆ ಇರುವಂಥದು, ಸುಮ್ಮನೆ ಕೇಳಿದರೆ ಬಿಡುವುದಿಲ್ಲ. ಬೀಕರಿನಲ್ಲಿ ಕೆಸರು ತೆಗೆದುಕೊಂಡು, ಪಾಲಿಮರ್ ಎಂಬ ಬಿಳಿ ಪುಡಿಯನ್ನು ನೀರಿನಲ್ಲಿ ಕರಗಿಸಿ ಹದವಾಗಿ ಸುರಿದು ಕಲಕಬೇಕು. ಹಾಲು ಒಡೆದ ಹಾಗೆ ಕೆಸರು ಗಂಟುಗಂಟಾಗಿ ನೀರು ಬೇರೆಯಾಗುತ್ತದೆ. ಆಮೇಲೆ ಬಟ್ಟೆಯಲ್ಲಿ ಹಾಕಿ ಒತ್ತಿ, ಉಳಿದ ಮುದ್ದೆಯನ್ನು ತೂಗಿ, ಓವನ್ನಿನಲ್ಲಿ ಒಣಗಿಸಿ ಮತ್ತೆ ತೂಗಿದರೆ ಅದರ ಬಂಡವಾಳ ಗೊತ್ತಾಗುತ್ತದೆ. ಈ ಮುದ್ದೆಗೆ ನಮ್ಮಲ್ಲಿ ಕೇಕ್ ಎನ್ನುತ್ತಾರೆ. ಹೆಸರಿಟ್ಟವನು ಯಾರೋ, ಅವನ ಮನೆಯ ಹುಟ್ಟುಹಬ್ಬಕ್ಕೆ ನಾನಂತೂ ಹೋಗುವವನಲ್ಲ. ಶ್ರೀಖಂಡಕ್ಕೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೇತುಹಾಕುವುದೂ ಇದೇ ಶಾಸ್ತ್ರ ಎಂದು ಒಮ್ಮೆ ಹೆಂಡತಿಗೆ ವಿವರಿಸಿದ್ದೆ. ಅಂದಿನಿಂದ ನಮ್ಮ ಮನೆಯಲ್ಲಿ ಶ್ರೀಖಂಡವಿಲ್ಲ.

ಕೇಕ್ ಒಣಗಿರಲೇಬೇಕು ಎಂಬ ನನ್ನ ಹಟಕ್ಕೆ ಶಾಸ್ತ್ರದ ಜೊತೆಗೆ ಒಂದು ಖಾಸಗಿ ಕಾರಣವೂ ಇತ್ತು. ಅದನ್ನು ದೂರ ಸಾಗಿಸುವ ಲಾರಿ ಹೋಗುವುದು ನಾವು ವಾಸವಿರುವ ಹೌಸಿಂಗ್ ಸೊಸೈಟಿಯ ಗೇಟಿನ ಎದುರಿನಿಂದಲೇ. ಹಿಂದೊಂದು ಮಳೆಗಾಲದಲ್ಲಿ ಅದು ಗೇಟಿನ ಮುಂದೆ ಸೋರಿಕೊಂಡು ಹೋದಾಗ ಸೆಕ್ರೆಟರಿ ಜೋಶಿಯವರು ಮೂಗಿಗೆ ಕರವಸ್ತ್ರ ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದರು. ಇನ್ನು ಒಂದು ಹನಿ ಬಿದ್ದರೂ ನನ್ನನ್ನು ಕೇಳಿ ಎಂದು ಅವರಿಗೆ ಮಾತು ಕೊಟ್ಟಿದ್ದೆ.

ಹೀಗಿರುವಾಗ ನಮ್ಮ ಘಟಕಕ್ಕೆ ಹೊಸ ಮ್ಯಾನೇಜರು ಬಂದರು. ಮೈಸೂರಿನವರು, ಘೋಡಬಂದರ್ ರಸ್ತೆಯ ಎತ್ತರದ ಕಟ್ಟಡವೊಂದರಲ್ಲಿ ವಾಸ, ಬಲು ಮರ್ಯಾದಸ್ಥರು. ಬಂದ ತಿಂಗಳೇ ಅಗ್ಗದ ಹೊಸ ಪಾಲಿಮರ್ ಒಂದನ್ನು ಪತ್ತೆ ಮಾಡಿದರು. "ಶುಕ್ರವಾರ ಟ್ರಯಲ್ ಇಟ್ಕೊಳ್ಳೋಣ ರಾಯರೇ. ಅವತ್ತು ಗಲಾಟೆ ಇರಲ್ಲ, ಆರಾಮಾಗಿ ಮಾಡಬಹುದು" ಎಂದರು. ಗಲಾಟೆ ಯಾಕೆ ಇರುವುದಿಲ್ಲವೆಂದರೆ, ನಮ್ಮ ಕಾರ್ಖಾನೆ ಪ್ರದೇಶಕ್ಕೆಲ್ಲ ವಾರದ ರಜೆ ಶುಕ್ರವಾರ. ಬಣ್ಣದ ಕಾರ್ಖಾನೆಗಳು ಬಾಗಿಲು ಹಾಕಿರುತ್ತವೆ. ಅವತ್ತಿನ ಕೆಸರು ಮಾವನ ಮನೆಗೆ ಮೊದಲ ಸಲ ಬಂದ ಅಳಿಯನಂತೆ ಹೇಳಿದ ಹಾಗೆ ಕೇಳುತ್ತದೆ. ಶನಿವಾರ ಬಣ್ಣದ ನೀರು ಬಂದು ಸೇರಿದ ಮೇಲೆಯೇ ಅದರ ನಿಜವಾದ ಸ್ವಭಾವ. ಭಾನುವಾರವೊಂದನ್ನೇ ರಜೆಯೆಂದು ನಂಬಿ ಬೆಳೆದವರಿಗೆ ಇದು ಹೊಳೆಯದಿದ್ದರೆ ತಪ್ಪೇನಿಲ್ಲ. ನಾನು ಹೇಳಿದೆ. ಅವರು ನಕ್ಕು, "ಕೆಸರು ಕೆಸರೇ ಅಲ್ವೇನ್ರಿ" ಎಂದರು.

ಶುಕ್ರವಾರ ಆ ಹೊಸ ಪುಡಿಯ ಸೇಲ್ಸ್‌ಮನ್ ಪಾಟೀಲ ಬಂದ. ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ, ಪುಡಿ ಸುರಿದು ಕಲಕಿ, ಒತ್ತಿ, ಸೋಸುವ ಬಟ್ಟೆ ಬಿಚ್ಚಿದರೆ ಒಳಗೆ ಬೇಸನ್ ಲಾಡಿನಂಥ ಕೇಕು. ಮೊಬೈಲಿನಲ್ಲಿ ಫೋಟೊ ತೆಗೆಯುವುದು ಆಗಷ್ಟೇ ಬಂದಿತ್ತು. ಮೊಮ್ಮಗುವಿನ ಫೋಟೊ ತೆಗೆದಷ್ಟು ಪ್ರೀತಿಯಿಂದ ಅದರ ಫೋಟೊ ತೆಗೆದ.

"ಪಾಸ್ ಅಂತ ಬರೆದುಬಿಡಿ ರಾಯರೇ" ಎಂದರು ಮ್ಯಾನೇಜರು.

"ಬರೆಯುವುದಿಲ್ಲ ಸಾರ್."

"ಯಾಕ್ರೀ? ಕಣ್ಮುಂದೆನೇ ಒಣಗಿದೆಯಲ್ಲ!"

"ಇದು ಶುಕ್ರವಾರದ ಕೆಸರು. ಅಕ್ಕಿ ತೊಳೆದ ನೀರು ಹಾಕಿದರೂ ಒಣಗುತ್ತದೆ."

"ಕಾಕಾ, ಕೀಚಡ್ ಕಾ ಭೀ ವಾರ್ ಹೋತಾ ಹೈ ಕ್ಯಾ?" ಎಂದು ಪಾಟೀಲ ನಕ್ಕ. ಕೆಸರಿಗೂ ವಾರ, ತಿಥಿ, ನಕ್ಷತ್ರ ಇದೆಯೇ ಎಂಬ ಅರ್ಥದಲ್ಲಿ. ಇದೆ, ನಾಳೆ ಬಾ, ಜಾತಕ ತೋರಿಸುತ್ತೇನೆ ಎಂದೆ.

ಮನೆಯಲ್ಲಿ ಹೆಂಡತಿ ಕೇಳಿಸಿಕೊಂಡು, "ಅಲ್ಲ, ನಿಮಗೆ ಎಂಥದಕ್ಕೆ ಈ ಉಸಾಬರಿ? ಮೇಲಿನವರು ಹೇಳಿದ ಮೇಲೆ ಪಾಸ್ ಅಂತ ಬರೆದು ಬರ್ಲಿಕ್ಕೆ ಆಗ್ಲಿಲ್ವಾ?" ಎಂದಳು.

"ಲಾರಿ ನಮ್ಮ ಗೇಟಿನ ಎದುರೇ ಹೋಗುವುದಲ್ವಾ?"

"ಹಾಗಾದ್ರೆ ಬರೀಲೇಬೇಡಿ" ಎಂದವಳೇ ಒಳಗೆ ಹೋದಳು. ಇಷ್ಟು ಬೇಗ ನನ್ನ ಪಕ್ಷಕ್ಕೆ ಬಂದದ್ದು ನಮ್ಮ ದಾಂಪತ್ಯದಲ್ಲಿ ಅದೇ ಮೊದಲು.

ಶನಿವಾರದ ಕೆಸರು ನೇರಳೆ ಬಣ್ಣ ತಳೆದು, ಯಾರನ್ನೂ ಲೆಕ್ಕಿಸದ ಠೀವಿಯಲ್ಲಿ ಬೀಕರಿನೊಳಗೆ ಕುಳಿತಿತ್ತು. ಪಾಟೀಲ ಪುಡಿ ಸುರಿದ, ಕಲಕಿದ, ಇನ್ನಷ್ಟು ಸುರಿದ. ಬಟ್ಟೆಯ ಕಣ್ಣುಗಳೆಲ್ಲ ಮುಚ್ಚಿಕೊಂಡವು. ಒತ್ತಿದರೆ ನೀರು ಬರುವ ಬದಲು ಕೆಸರೇ ಅಂಚಿನಿಂದ ಚಿಮ್ಮಿ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಸಹಿ ಹಾಕಿತು. ನಾನು ಅವನಿಗೆ ಒರೆಸಿಕೊಳ್ಳಲು ಬಟ್ಟೆ ಕೊಟ್ಟೆ. ಗೆದ್ದವನು ಉಪಚಾರ ಮಾಡಿದರೆ ಸೋತವನಿಗೆ ಹೆಚ್ಚು ಉರಿಯುತ್ತದೆ ಎಂಬ ಸದುದ್ದೇಶದಿಂದ.

ಪಾಟೀಲ ಅಂಗಿ ಒರೆಸಿಕೊಳ್ಳುತ್ತ, "ಕಾಕಾ, ಆತಾ ತುಮಚಾ" ಎಂದ. ಈಗ ನಿಮ್ಮದು. ನಾವು ವರ್ಷಗಟ್ಟಲೆ ಬಳಸಿದ ಹಳೆಯ ಪುಡಿಯನ್ನೂ ಇದೇ ಕೆಸರಿಗೆ ಹಾಕಿ ತೋರಿಸಿ ಎಂದು ಅವನ ವಾದ. "ನ್ಯಾಯವೇ ಅಲ್ವಾ ರಾಯರೇ?" ಎಂದರು ಮ್ಯಾನೇಜರು. ಧಾರಾಳವಾಗಿ ಎಂದು ನಾನೂ ತೋಳು ಮಡಚಿದೆ.

ಬಣ್ಣದವರು ತಮ್ಮ ಪಾಕದಲ್ಲಿ ಏನು ಬದಲಾಯಿಸಿದ್ದರೋ ದೇವರೇ ಬಲ್ಲ. ನನ್ನ ಪುಡಿ ಕೆಸರನ್ನು ಗಂಟು ಕಟ್ಟಿಸಿತು, ಮುದ್ದೆ ಬಟ್ಟೆಯಿಂದ ಬಿಡಿಸಿಕೊಂಡಿತು, ಕೇಕ್ ಆಕಾರಕ್ಕೂ ಬಂತು. ಕೈಯಲ್ಲಿ ಎತ್ತಿ ಹಿಡಿದೆ. ಅಂಚಿನಿಂದ ಒಂದು ಹನಿ ಟಪ್ಪೆಂದಿತು. ಹಿಂದೆಯೇ ಇನ್ನೊಂದು.

ಮ್ಯಾನೇಜರು ಉದಾರಿಗಳು. "ಇರಲಿ ಬಿಡಿ, ಹಳೇದೇ ವಾಸಿ. ಪಾಸ್ ಅನ್ನಿ, ಲಾರಿ ಕಾಯ್ತಾ ಇದೆ" ಎಂದರು. ಎಲ್ಲರೂ ನನ್ನ ಮುಖ ನೋಡಿದರು. ಪಾಟೀಲನ ಮುಖದಲ್ಲಿ ಸಣ್ಣ ನಗು.

"ಎರಡೂ ಫೇಲ್ ಸಾರ್. ಲಾರಿ ಹೊರಡಕೂಡದು."

"ನಿಮ್ಮದನ್ನ ನೀವೇ ಫೇಲ್ ಮಾಡ್ತೀರಾ?"

"ಹನಿಗೆ ನಾನು ಯಾರೆಂದು ಗೊತ್ತಿಲ್ಲವಲ್ಲ ಸಾರ್."

"ಹಾಗಾದ್ರೆ ಸರಿಯಾದ ಪುಡಿ ಸಿಗೋವರೆಗೂ ಈ ಕೇಕನ್ನೆಲ್ಲ ಎಲ್ಲಿಡೋದು ರೀ?"

"ಎಲ್ಲಾದರೂ ಇಡಿ. ಈ ಘಟಕದ ಗೇಟಿನಿಂದ ಹೊರಗೆ ಮಾತ್ರ ಬೇಡ" ಎಂದು ಗರ್ಜಿಸಿದೆ.

ಮೈಸೂರಿನವರು ಮಾತನ್ನು ಪಾಲಿಸುವ ಜನ. ಇಡೀ ಘಟಕದಲ್ಲಿ ಸೂರು ಇದ್ದ ಖಾಲಿ ಜಾಗ ಒಂದೇ, ನನ್ನ ಲ್ಯಾಬಿನ ಕಿಟಕಿಯ ಕೆಳಗಿನದು. ಸೋಮವಾರದ ಹೊತ್ತಿಗೆ ಅಲ್ಲಿ ನೇರಳೆ ಬಣ್ಣದ ಗುಡ್ಡವೊಂದು ಎದ್ದು ಕಿಟಕಿಯ ಸರಳಿನಿಂದ ನನ್ನನ್ನು ಇಣುಕಿ ನೋಡುತ್ತಿತ್ತು. ಮೇಜಿನ ಮೇಲೆ ಬೇರೆ ಬೇರೆ ಪುಡಿಗಳ ಬಾಟಲಿಗಳನ್ನು ಹರಡಿಕೊಂಡು ನಾನು ಕಲಕುತ್ತ ಕುಳಿತಿದ್ದೆ. ಮ್ಯಾನೇಜರು ಬಾಗಿಲ ಆಚೆಯೇ ನಿಂತು, ಮೂಗು ಹಿಡಿದುಕೊಂಡು ಕೇಳಿದರು: "ಕಿಟಕಿ ಮುಚ್ಚಿಸಲಾ ರಾಯರೇ?"

"ಬೇಡ ಸಾರ್. ಗಾಳಿ ಚೆನ್ನಾಗಿದೆ" ಎಂದೆ. ಅಷ್ಟು ಹೇಳುವುದಕ್ಕೂ ಆ ನಾತದಲ್ಲಿ ಬಾಯಿ ತೆರೆಯಲೇಬೇಕಾಯಿತಲ್ಲ, ಅದೊಂದೇ ಬೇಸರ.