ಹಿಲ್ಲೂರಿನ ಮಂಗಗಳೂ ನನ್ನ ಹತ್ತು ಆಲ್ಬಮ್‌ಗಳೂ

ಮನುಷ್ಯನಿಗೆ ಒಂದು ಹುಚ್ಚು ಇದ್ದರೆ ಸಾಲದು, ಆ ಹುಚ್ಚಿಗೊಬ್ಬ ಜೊತೆಗಾರನೂ ಇರಬೇಕು ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಎಲೆಯಡಿಕೆ ಹಾಕುವವನಿಗೆ ಸುಣ್ಣ ಕೇಳುವವನೊಬ್ಬ ಸಿಗುತ್ತಾನೆ. ಇಸ್ಪೀಟಿನವನಿಗೆ ಮೂವರು ಬೇಕು, ಮೂವರೂ ಸಿಗುತ್ತಾರೆ. ಕಾರವಾರದ ಕಡಲ ದಂಡೆಯಲ್ಲಿ ಗಾಳ ಹಾಕಿ ಕೂತವನ ಪಕ್ಕದಲ್ಲೂ, ಬೇರೆ ಕೆಲಸವಿಲ್ಲದೆ ಅವನ ಗಾಳವನ್ನೇ ನೋಡುತ್ತ ನಿಂತವನೊಬ್ಬ ಇರುತ್ತಾನೆ. ನನಗೆ ಮಾತ್ರ ಮೂವತ್ತು ವರ್ಷ ಯಾರೂ ಸಿಗಲಿಲ್ಲ. ಯಾಕೆಂದರೆ ನನ್ನ ಹುಚ್ಚು ರಾಕ್ ಮತ್ತು ಮೆಟಲ್ ಸಂಗೀತದ್ದು. ಅದರ ಜೊತೆಗೆ, ಹೇಳಿದರೆ ನೀವು ನಗುತ್ತೀರಿ, ಅಮೆರಿಕದ ಮಾಜಿ ಬೇಸ್‌ಬಾಲ್ ಆಟಗಾರರದ್ದು. ಕಾರವಾರದ ಹಬ್ಬುವಾಡದಲ್ಲಿ ಮನೆ ಮಾಡಿಕೊಂಡು, ಬೆಳಗ್ಗೆ ಚೀಲ ಹಿಡಿದು ಮೀನುಪೇಟೆಗೆ ಹೋಗಿ, ಹತ್ತು ಗಂಟೆಗೆ ಕಚೇರಿಯಲ್ಲಿ ಕಡತ ಬಿಚ್ಚುವ ಐವತ್ತೆರಡರ ಹೆಡ್‌ಕ್ಲಾರ್ಕಿಗೆ ಇದು ಶೋಭಿಸುವುದಿಲ್ಲ ಎಂದು ನನ್ನ ಹೆಂಡತಿ ಸುಮಿತ್ರಾ ಹೇಳುತ್ತಾಳೆ. ನನಗೆ ಇಪ್ಪತ್ತೇಳಾಗಿದ್ದಾಗ, ಮದುವೆಯಾದ ವಾರದಲ್ಲೂ ಅವಳು ಇದನ್ನೇ ಹೇಳಿದ್ದಳು. ಆದ್ದರಿಂದ ವಯಸ್ಸಿನ ಮಾತು ಬರೀ ನೆಪ.

ಈ ಹುಚ್ಚು ಹತ್ತಿದ್ದು ನನ್ನ ಚಿಕ್ಕಪ್ಪನ ಪೆಟ್ಟಿಗೆಯಿಂದ. ಚಿಕ್ಕಪ್ಪ ಸರಕು ಹಡಗಿನಲ್ಲಿ ಅಡುಗೆಯವನಾಗಿದ್ದ. ಒಮ್ಮೆ ರಜೆಗೆ ಬರುವಾಗ ಎರಡಾಳು ಹೊರುವಂಥ ಕಬ್ಬಿಣದ ಪೆಟ್ಟಿಗೆಯೊಂದನ್ನು ತಂದ. ಯಾವುದೋ ಬಂದರಿನಲ್ಲಿ ಕೆಲಸ ಬಿಟ್ಟು ಇಳಿದುಹೋದ ಅಮೆರಿಕದ ಖಲಾಸಿ ಅದನ್ನು ಹಡಗಿನಲ್ಲೇ ಬಿಟ್ಟಿದ್ದನಂತೆ. ಚಿಕ್ಕಪ್ಪನಿಗೆ ಅಕ್ಕಿ ತುಂಬಿಡಲು ಪೆಟ್ಟಿಗೆ ಬೇಕಾಗಿತ್ತು, ಒಳಗಿದ್ದದ್ದು ಬೇಕಾಗಿರಲಿಲ್ಲ. ಅಂಗಳಕ್ಕೆ ಸುರಿದ. ನಲವತ್ತು ಕ್ಯಾಸೆಟ್ಟು, ಒಂದು ಕಟ್ಟು ಬೇಸ್‌ಬಾಲ್ ಪತ್ರಿಕೆ. ಆಗ ಕಾಲೇಜಿನಲ್ಲಿದ್ದ ನಾನು ಎಲ್ಲವನ್ನೂ ಬಾಚಿಕೊಂಡೆ. ಕಡಲ ಗಾಳಿಗೆ ಕ್ಯಾಸೆಟ್ಟುಗಳ ಮೇಲಿನ ಅಕ್ಷರ ಅಳಿಸಿಹೋಗಿ ಚಿತ್ರವಷ್ಟೇ ಉಳಿದಿತ್ತು. ಹಾಗಾಗಿ ಅವುಗಳಿಗೆ ನಾನೇ ಹೆಸರಿಟ್ಟೆ: ಮೂರು ಬುರುಡೆ, ಕಪ್ಪು ಕುದುರೆ, ಒಡೆದ ಗಂಟೆ, ಹೀಗೆ. ನಿಜವಾದ ಹೆಸರುಗಳು ಮುಂದೆ ಇಂಟರ್‌ನೆಟ್ಟಿನಲ್ಲಿ ಸಿಕ್ಕವು, ಆದರೆ ನನಗೆ ರುಚಿಸಲಿಲ್ಲ. ಪತ್ರಿಕೆಗಳೋ, ನನ್ನ ಕೈಗೆ ಬರುವಷ್ಟರಲ್ಲೇ ಹದಿನೈದು ವರ್ಷ ಹಳೆಯವು. ಅವುಗಳನ್ನು ಓದಿ ನಾನು ಯಾರನ್ನು ಮೆಚ್ಚಿಕೊಂಡರೂ ಆತ ಆಗಲೇ ಆಟ ಬಿಟ್ಟು ಮನೆಯಲ್ಲಿರುತ್ತಿದ್ದ. ಇದರಲ್ಲೊಂದು ಅನುಕೂಲವಿದೆ. ಮಾಜಿ ಆಟಗಾರ ನಾಳೆ ಸೋಲುವುದಿಲ್ಲ. ನಮ್ಮ ಕಚೇರಿಯಲ್ಲೂ ಸಾಹೇಬರು ಒಳ್ಳೆಯವರಾಗಿದ್ದರು ಅನ್ನಿಸುವುದು ಅವರು ನಿವೃತ್ತರಾದ ಮೇಲೆಯೇ.

ಹೀಗೆ ನನ್ನಲ್ಲಿ ಎರಡು ಪಟ್ಟಿಗಳು ತಯಾರಾದವು. ಅತ್ಯುತ್ತಮ ಹತ್ತು ಆಲ್ಬಮ್ಮುಗಳು, ಅತ್ಯುತ್ತಮ ಒಂಬತ್ತು ಮಾಜಿ ಆಟಗಾರರು. ಮೊದಲನೆಯದರಲ್ಲಿ ಒಂದನೇ ಸ್ಥಾನ ಮೂರು ಬುರುಡೆಗೆ, ಎರಡನೆಯದರಲ್ಲಿ ಒಬ್ಬ ಎಡಗೈ ಎಸೆತಗಾರನಿಗೆ. ಕೆಳಗಿನ ಸ್ಥಾನಗಳು ಆಗೀಗ ಅದಲುಬದಲಾದರೂ ಈ ಒಂದನೇ ಸ್ಥಾನಗಳು ಮೂವತ್ತು ವರ್ಷ ಅಲ್ಲಾಡಲಿಲ್ಲ. ಮನೆಯಲ್ಲಿ ಈ ಪಟ್ಟಿಗಳಿಗೆ ಇದ್ದ ಗೌರವ ಅಷ್ಟಕ್ಕಷ್ಟೆ. ಮಳೆಗಾಲ ಮುಗಿದು ಕ್ಯಾಸೆಟ್ಟುಗಳಿಗೆ ಬೂಸ್ಟು ಬಂದಾಗ ನನ್ನ ತಾಯಿ ಅವನ್ನು ಒಣಸಿಗಡಿಯ ಚಾಪೆಯ ಮೇಲೆಯೇ ಹರಡುತ್ತಿದ್ದಳು. ಕಪ್ಪು ಕುದುರೆಗೆ ಇವತ್ತಿಗೂ ಸಿಗಡಿಯ ವಾಸನೆ ಇದೆ. ಅದನ್ನು ಕೇಳುವಾಗೆಲ್ಲ ನನಗೆ ಹಸಿವಾಗುತ್ತದೆ.

ಜೊತೆಗಾರನೊಬ್ಬ ಸಿಕ್ಕಿದನೆಂದು ಒಮ್ಮೆ ಮೋಸಹೋದದ್ದೂ ಉಂಟು. ಕದ್ವಾಡದಿಂದ ಸೈಕಲ್ಲಿನಲ್ಲಿ ಕಚೇರಿಗೆ ಬರುತ್ತಿದ್ದ ಪಾಂಡುರಂಗ ಎಂಬ ಸಹೋದ್ಯೋಗಿ ಒಂದು ಶನಿವಾರ ಮನೆಗೆ ಬಂದು, ಮೂರು ಬುರುಡೆಯ ಒಂದು ಮಗ್ಗುಲನ್ನು ಪೂರ್ತಿ ಕಣ್ಣು ಮುಚ್ಚಿ ಕೇಳಿದ. ನನ್ನ ಎದೆ ತುಂಬಿಬಂತು. ಕ್ಯಾಸೆಟ್ಟು ತಿರುವಿ ಹಾಕಲು ಎದ್ದೆ. ಪಾಂಡುರಂಗ ಕಣ್ಣು ತೆರೆದು, "ಸರ್, ನನ್ನ ವರ್ಗಾವಣೆ ಅರ್ಜಿ ನಿಮ್ಮ ಟೇಬಲ್ ಮೇಲೆ ಇದೆ ಅಂತ ಕೇಳ್ದೆ" ಅಂದ. ಅರ್ಜಿಯನ್ನು ಸೋಮವಾರವೇ ಮುಂದೆ ಕಳಿಸಿದೆ. ಅರ್ಧ ಗಂಟೆ ಅಷ್ಟು ತಾಳ್ಮೆಯಿಂದ ಕೂತವನಿಗೆ ಅಷ್ಟಾದರೂ ಸಲ್ಲಬೇಕು. ಅವನು ಮತ್ತೆ ಬರಲಿಲ್ಲ.

ಪರಿಸ್ಥಿತಿ ಹೀಗಿರುವಾಗ ಕಳೆದ ವರ್ಷ ನನ್ನ ಮಾವ, ಅಂದರೆ ಸುಮಿತ್ರಾಳ ಅಪ್ಪ ಬೊಮ್ಮಯ್ಯ, ಹಿಲ್ಲೂರಿನಿಂದ ಫೋನ್ ಮಾಡಿದರು. ಅಂಕೋಲೆಯಿಂದ ಒಳಗೆ, ಕಾಡಿನ ಬದಿಗೆ ಅವರ ಗದ್ದೆ, ಬಾಳೆ, ತರಕಾರಿ. ಎಪ್ಪತ್ತೈದು ದಾಟಿದೆ. ಪ್ರಾಯದಲ್ಲಿ ಸುಗ್ಗಿಯ ಮೇಳದಲ್ಲಿ ಗುಮಟೆ ಎಂಬ ಮಣ್ಣಿನ ವಾದ್ಯ ಬಾರಿಸುವುದರಲ್ಲಿ ಹೆಸರು ಮಾಡಿದ್ದವರು. ಇಪ್ಪತ್ತೈದು ವರ್ಷದಲ್ಲಿ ನನಗಾಗಿ ಅವರು ಮಾಡಿದ ಮೊದಲ ಫೋನ್ ಅದು. ಅದಕ್ಕೆ ಮುಂಚೆ ನಾನು ಎತ್ತಿದರೆ "ಸುಮಿತ್ರಾ ಇಲ್ವಾ?" ಎಂದು ಕೇಳಿ ಇಟ್ಟುಬಿಡುತ್ತಿದ್ದರು.

"ನಿಮ್ಮ ಹತ್ರ ಅದು ಇತ್ತಲ್ರಾ, ಆ ಕೂಗೂ ಹಾಡು," ಅಂದರು. "ಅದನ್ನ ಒಂದು ಪೆನ್‌ಡ್ರೈವಿಗೆ ಹಾಕಿ ಕೊಡೂಕೆ ಆಗೂದಾ?"

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಯಾವುದು ಬೇಕು ಎಂದು ಕೇಳಿದೆ. "ಯಾವ್ದಾದ್ರೂ ಅಡ್ಡಿಲ್ಲ. ಕೂಗು ಜೋರಿದ್ದದ್ದು ಮೊದ್ಲು ಇರ್ಲಿ" ಅಂದರು. ಇಷ್ಟು ಖಚಿತವಾದ ಅಭಿರುಚಿಯನ್ನು ನಾನು ಹತ್ತಿರದ ನೆಂಟರಲ್ಲಿ ಕಂಡಿರಲಿಲ್ಲ. ಎರಡು ಸಂಜೆ ಕೂತು ಹತ್ತೂ ಆಲ್ಬಮ್ಮುಗಳನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಸ್ಥಾನಕ್ಕನುಗುಣವಾಗಿ ಜೋಡಿಸಿದೆ. ಯಾವುದನ್ನು ಹೇಗೆ ಕೇಳಬೇಕು, ಎಲ್ಲಿ ಗಿಟಾರಿನ ಕಡೆ ಗಮನ ಕೊಡಬೇಕು ಎಂದು ಮೂರು ಪುಟ ಟಿಪ್ಪಣಿಯನ್ನೂ ಬರೆದೆ. ಅಂಕೋಲೆಗೆ ಹೊರಟಿದ್ದ ಪರಿಚಯದವರ ಕೈಲಿ ಕಳಿಸಿ, ಮುಂದಿನ ಭಾನುವಾರ, ನಮ್ಮಿಬ್ಬರ ಮೊದಲ ಸಂಗೀತ ಗೋಷ್ಠಿಯೆಂದುಕೊಂಡು ಇಸ್ತ್ರಿ ಅಂಗಿ ಹಾಕಿ ಹಿಲ್ಲೂರಿನ ಬಸ್ಸು ಹತ್ತಿದೆ. ಜೊತೆಗಿದ್ದ ಸುಮಿತ್ರಾ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ನಗು ತಡೆದುಕೊಳ್ಳುತ್ತಿದ್ದಳು. ಯಾಕೆಂದು ಆಗ ತಿಳಿಯಲಿಲ್ಲ.

ಮನೆಗೆ ಇನ್ನೂ ದೂರವಿರುವಾಗಲೇ ಮೂರು ಬುರುಡೆ ಕೇಳಿಸಿತು. ಸಂತೋಷದಿಂದ ಕಾಲು ಬೇಗ ಬೇಗ ಹಾಕಿದೆ. ಅಂಗಳದಲ್ಲಿ ಯಾರೂ ಇರಲಿಲ್ಲ, ಜಗಲಿಯ ಮೇಲೂ ಇರಲಿಲ್ಲ. ಬಾಳೆಗಿಡಗಳ ಪಕ್ಕದ ಹಲಸಿನ ಮರಕ್ಕೆ ಕಪ್ಪು ಸ್ಪೀಕರೊಂದನ್ನು ಕಾಡಿನ ಕಡೆ ಮುಖ ಮಾಡಿ ಕಟ್ಟಿದ್ದರು. ಮಾವ ಎಲ್ಲಿ ಎಂದು ಅತ್ತೆಯನ್ನು ಕೇಳಿದೆ. "ಒಳಗೆ ಕಿವಿಗೆ ಹತ್ತಿ ಇಟ್ಕಂಡ್ ಮಲಗೀರು" ಅಂದರು. "ಮಂಗನ ಕಾಟ ಅಂದ್ರೆ ಕಾಟ ಈ ಸಲ. ಪಟಾಕಿ ಹೊಡ್ದಾಯ್ತು, ಡಬ್ಬಿ ಬಡ್ದಾಯ್ತು. ಈಗ ನಿಮ್ಮ ಹಾಡು ಹಚ್ಚಿದ್ ಮೇಲೆ ಐದು ದಿನ ಆಯ್ತು, ಒಂದೂ ಇಳೀಲಿಲ್ಲ. ನಿಮ್ಗೆ ಪುಣ್ಯ ಬರ್ಲಿ." ನನ್ನ ಮೂರು ಪುಟದ ಟಿಪ್ಪಣಿಯಲ್ಲಿ ಅವರು ಬೆಳ್ಳುಳ್ಳಿ ಸುತ್ತಿಟ್ಟಿದ್ದರು.

ಅವಮಾನವಾಯಿತು ಎಂದು ನೇರವಾಗಿಯೇ ಹೇಳಿಬಿಡುತ್ತೇನೆ. ಆದರೆ ಮಾವನಿಗೆ ಇದ್ಯಾವುದರ ಅರಿವೂ ಇರಲಿಲ್ಲ. ಮರುದಿನದಿಂದ ಅವರು ನನಗೇ ಫೋನ್ ಮಾಡಿ ವರದಿ ಒಪ್ಪಿಸತೊಡಗಿದರು. ಮೂರು ಬುರುಡೆಗೆ ಮಂಗಗಳು ಹೆದರಿದ್ದು ಎಂಟು ದಿನ. ಒಂಬತ್ತನೇ ದಿನ ಬಂದು ಬೇಲಿಯ ಮೇಲೆ ಕೂತವು. ಕಪ್ಪು ಕುದುರೆ ನಾಲ್ಕೇ ದಿನಕ್ಕೆ ಸೋತಿತು. ಒಂದು ತಾಯಿಮಂಗ ಮರಿಯನ್ನು ಎದೆಗವಚಿಕೊಂಡು ಸ್ಪೀಕರಿನ ಕೆಳಗೇ ನಿದ್ದೆ ಮಾಡಿತಂತೆ. ಕೇಳಿ ನನಗೆ ನಾಚಿಕೆಯಾಗುವ ಬದಲು ಕಪ್ಪು ಕುದುರೆಯ ಬಗ್ಗೆ ಮೊದಲಿನಿಂದಲೂ ನನಗಿದ್ದ ಸಣ್ಣ ಅನುಮಾನ ನಿಜವಾಯಿತಲ್ಲ ಎನ್ನಿಸಿತು. ಅಭಿಮಾನಿಯ ಅವಸ್ಥೆ ಎಂಥದ್ದೆಂದರೆ, ಅಭಿಪ್ರಾಯ ಮಂಗನದ್ದಾದರೂ ಸರಿ, ತನ್ನದರ ಜೊತೆ ಹೊಂದಿದರೆ ಸಾಕು.

ಇನ್ನೊಂದು ಭಾನುವಾರ ಹೋದಾಗ ಹತ್ತಾರು ಮಂಗಗಳು ಹಲಸಿನ ಕೊಂಬೆಯಲ್ಲಿ ಸಾಲಾಗಿ ಕೂತಿದ್ದವು. ಮಾವ ಕವಣೆಗೆ ಕಲ್ಲು ಹಾಕುತ್ತಿದ್ದರು, ಮಂಗಕ್ಕೆ ತಾಗದಂತೆ ಪಕ್ಕದ ಕೊಂಬೆಗೆ ಹೊಡೆದು ಬೆದರಿಸುವ ಕಲೆ ಅವರದ್ದು. ಮೂವತ್ತು ವರ್ಷ ಎಡಗೈ ಎಸೆತಗಾರನ ಚಿತ್ರಗಳನ್ನು ಅಭ್ಯಾಸ ಮಾಡಿದ್ದ ನನಗೆ ಸುಮ್ಮನಿರಲಾಗಲಿಲ್ಲ. ಒಂದು ಕಲ್ಲು ಹಿಡಿದು, ಅವನಂತೆಯೇ ಮಂಡಿ ಎದೆಯವರೆಗೆ ಎತ್ತಿ, ಕೈಯನ್ನು ಬೆನ್ನ ಹಿಂದೆ ಚಾಚಿ ಎಸೆದೆ. ಕಲ್ಲು ಹಿಂದಕ್ಕೇ ಹೋಗಿ ಬಾವಿಕಟ್ಟೆಯ ಮೇಲಿದ್ದ ಅತ್ತೆಯ ಕೊಡಕ್ಕೆ ತಾಗಿತು. ಭುಜದಲ್ಲಿ ಏನೋ ಕಟ್ ಎಂದಿತು. ಕೈ ಎತ್ತಿ ತಲೆ ಬಾಚಲು ನನಗೆ ಒಂದು ತಿಂಗಳು ಬೇಕಾಯಿತು. ಇದು ಎಂಥ ಆಟ ಎಂದು ಕೇಳಿದ ಮಾವನಿಗೆ ಜಗಲಿಯಲ್ಲಿ ಕೂತು ಬೇಸ್‌ಬಾಲ್ ವಿವರಿಸಿದೆ. ಹೊಡೆದವನು ಒಂದನೇ ಮೂಲೆಗೆ ಓಡುತ್ತಾನೆ, ಅಲ್ಲಿಂದ ಎರಡಕ್ಕೆ, ಮೂರಕ್ಕೆ, ಕೊನೆಗೆ ಹೊರಟ ಜಾಗಕ್ಕೇ ಬಂದರೆ ಒಂದು ಅಂಕ. ಮಾವ ಕವಣೆಯನ್ನು ಪಕ್ಕಕ್ಕಿಟ್ಟರು. "ಹೊರಟಲ್ಲಿಗೇ ಬರೂದಾದ್ರೆ ಹೋದದ್ಯಾಕ್ರಾ?" ಅಂದರು.

ಹಲಸಿನ ಕಾಲ ಮುಗಿಯಿತು. ಮಂಗಗಳು ಬೇರೆ ಕಡೆ ಹೋದವು ಎಂಬ ಸುದ್ದಿ ಬಂತು. ನನ್ನ ಆಲ್ಬಮ್ಮುಗಳ ಸರಕಾರಿ ಸೇವೆ ಮುಗಿಯಿತೆಂದು ನಾನೂ ಸುಮ್ಮನಾದೆ. ಎರಡು ತಿಂಗಳಾದ ಮೇಲೆ ಅತ್ತೆ ಸುಮಿತ್ರಾಳಿಗೆ ಫೋನ್ ಮಾಡಿ ದೂರು ಹೇಳುತ್ತಿದ್ದದ್ದು ನನಗೂ ಕೇಳಿಸಿತು. "ಮಂಗ ಬರೂದು ಬಿಟ್ರೂ ಇವ್ರು ಹಾಡು ಬಿಡೂದಿಲ್ಲ ಮಗಾ. ಸ್ಪೀಕರ್ ತಂದು ಜಗಲಿ ಮೇಲೆ ಇಟ್ಕಂಡೀರು. ಊಟ ಆದ್ ಕೂಡ್ಲೆ ಹಚ್ತ್ರು. ಬೊಟ್ಟಲ್ಲಿ ತೊಡೆ ಮೇಲೆ ಬಾರಿಸ್ತಾ ಕೂತ್ರೆ ಕರೆದ್ರೂ ಕೇಳೂದಿಲ್ಲ. ನಿನ್ನ ಗಂಡಂಗೆ ಏನಾದ್ರೂ ಮದ್ದು ಗೊತ್ತಿದ್ರೆ ಕೇಳು."

ನನಗೆ ಕಣ್ಣಲ್ಲಿ ನೀರು ಬಂತು. ಮೂವತ್ತು ವರ್ಷದ ಮೇಲೆ ಒಬ್ಬ ಸಿಕ್ಕಿದ್ದ, ಅದೂ ಹೆಂಡತಿಯ ಅಪ್ಪ. ಭಾನುವಾರದವರೆಗೂ ಕಾಯಲಿಲ್ಲ, ರಜೆ ಹಾಕಿ ಗುರುವಾರವೇ ಹೊರಟೆ. ಎರಡೂ ಪಟ್ಟಿಗಳನ್ನು ಹೊಸದಾಗಿ ಬರೆದುಕೊಂಡಿದ್ದೆ. ಎಸೆತಗಾರನ ಚಿತ್ರವಿದ್ದ ಪತ್ರಿಕೆಯನ್ನೂ ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿಕೊಂಡಿದ್ದೆ. ಮಾವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅತ್ತೆಗೆ ಚಹಾ ಹೇಳಿ, ಆಲ್ಬಮ್ಮುಗಳ ಪಟ್ಟಿಯನ್ನು ಕೈಗೆತ್ತಿಕೊಂಡರು. ಈ ಘಳಿಗೆಗಾಗಿ ಎಷ್ಟು ಕಾದಿದ್ದೆನೆಂದು ಯಾರಿಗೆ ಹೇಳಲಿ.

"ಇದು ತಪ್ಪಾಯ್ತಲ್ರಾ," ಅಂದರು.

"ಯಾವುದು?"

"ಮೂರು ಬುರುಡೆ ಮೊದ್ಲು ಹಾಕೀರಿ. ಅದ್ರಲ್ಲಿ ಎಂತ ಇಲ್ಲ. ಈ ಹತ್ತನೇದು, ಒಡೆದ ಗಂಟೆ, ಇದು ಒಂದನೇದಾಗ್ಬೇಕು."

ನಾನು ನಕ್ಕೆ. ಹೊಸಬರು ಹೀಗೆಯೇ ಹೇಳುವುದು, ಕೇಳುತ್ತ ಕೇಳುತ್ತ ಅರ್ಥವಾಗುತ್ತದೆ ಎಂದು ಸಮಾಧಾನ ಹೇಳಿದೆ. ಮಾವ ನಗಲಿಲ್ಲ. "ನಾ ಐವತ್ತು ವರ್ಷ ಗುಮಟೆ ಬಾರ್ಸಿದವ. ಮೇಳ ಅಂದ್ರೆ ಬಾರ್ಸೂವವ ಹಾಡೂವವಂಗೆ ಕಾಯ್ಬೇಕು, ಹಾಡೂವವ ಬಾರ್ಸೂವವಂಗೆ ಕಾಯ್ಬೇಕು. ಗಂಟೇಲಿ ಕಾಯ್ತ್ರು. ನಿಮ್ಮ ಬುರುಡೇಲಿ ಡ್ರಮ್ಮಿನವ ಯಾರಿಗೂ ಕಾಯೂದಿಲ್ಲ. ತಾನೊಬ್ಬನೇ ಮನೆಗೆ ಹೊರಟವನ ಹಾಂಗೆ ಹೋಗ್ತ. ಅವ್ನ ಹಿಂದೆ ಉಳ್ದವ್ರು ಓಡ್ತ್ರು." ನಾನು ಮಾತು ಬದಲಿಸಲೆಂದು ಎಸೆತಗಾರನ ಚಿತ್ರ ಬಿಚ್ಚಿದೆ. ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಇವ ಎರಡು ವರ್ಷದ ಮೇಲೆ ಆಡಿರೂದಿಲ್ಲ ಬಿಡಿ. ಮೊಣಕೈ ನೋಡಿ, ಹೀಂಗೆ ಎಸೆದ್ರೆ ಕೈ ಉಳೀತದಾ?" ಅಂದರು. ಆತ ಎರಡನೇ ವರ್ಷವೇ ಕೈ ಕೆಡಿಸಿಕೊಂಡು ಮನೆಗೆ ಹೋದನೆಂದು ನಾನು ಇಂಟರ್‌ನೆಟ್ಟಿನಲ್ಲಿ ಎಂದೋ ಓದಿದ್ದೆ. ಯಾರಿಗೂ ಹೇಳಿರಲಿಲ್ಲ.

ಆಮೇಲೆ ನಾನು ಆಡಿದ ಮಾತು ಹೆಡ್‌ಕ್ಲಾರ್ಕಿಗೂ ಅಳಿಯನಿಗೂ ತಕ್ಕದ್ದಾಗಿರಲಿಲ್ಲ. ಮಂಗ ಓಡಿಸಲು ಸಂಗೀತ ಕೇಳುವವರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದುಬಿಟ್ಟೆ. ಮಾವ ಶಾಂತವಾಗಿ, "ಮಂಗಕ್ಕೂ ಬುರುಡೆ ಎಂಟು ದಿನಕ್ಕೆ ಸಾಕಾಯ್ತು. ಗಂಟೆಗೆ ಹನ್ನೊಂದು ದಿನ ಬರ್ಲಿಲ್ಲ" ಅಂದರು. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಬಸ್ಸಿನಲ್ಲಿ ಕೂತು ಯೋಚಿಸಿದರೆ ತಿಳಿಯಿತು: ನಾನು ಮೂವತ್ತು ವರ್ಷ ಹುಡುಕಿದ್ದು ಜೊತೆಗೆ ಕೇಳುವವನನ್ನಲ್ಲ, ಕೇಳಿ ಹೌದೆನ್ನುವವನನ್ನು. ಆ ಲೆಕ್ಕಕ್ಕೆ ಪಾಂಡುರಂಗನೇ ವಾಸಿ. ಮನೆಗೆ ಬಂದು, "ನಿನ್ನ ಅಪ್ಪನಿಗೆ ಸಂಗೀತ ಗೊತ್ತಿಲ್ಲ" ಎಂದು ಸುಮಿತ್ರಾಳಿಗೆ ಹೇಳಿದೆ. "ಕೊನೆಗೂ ನಿಮ್ಗೆ ಒಬ್ರು ಸಿಕ್ಕಿದ್ರು. ಅವ್ರ ಜೊತೆಗೂ ಜಗಳ ಆಡಿ ಬಂದ್ರಾ?" ಅಂದಳು.

ಹತ್ತು ದಿನ ಬಿಟ್ಟು ಮಾವನೇ ಫೋನ್ ಮಾಡಿದರು. ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಬುರುಡೆ ಮತ್ತೊಂದ್ಸಲ ಕೇಳಿ ನೋಡಿದ್ರಾ?" ಎಂದು ಕೇಳಿದರು. ಕಚೇರಿಯಲ್ಲಿ ಬಹಳ ಕೆಲಸ, ಪುರುಸೊತ್ತೇ ಆಗಲಿಲ್ಲ ಅಂದೆ. ನಿಜವೆಂದರೆ ನಾಲ್ಕು ಸಲ ಕೇಳಿದ್ದೆ. ಡ್ರಮ್ಮಿನವನು ಯಾರಿಗೂ ಕಾಯುವುದಿಲ್ಲ ಎಂಬುದು ಮೊದಲನೇ ಸಲಕ್ಕೇ ಕೇಳಿಸಿತ್ತು. ಉಳಿದ ಮೂರು ಸಲ ಕೇಳಿದ್ದು ಅದು ಕೇಳಿಸದೇ ಇದ್ದೀತೇನೋ ಎಂದು.